ಬುಡು ಅಂದಿದ್ರು ಮೇಷ್ಟ್ರು

ನಾನು ಓದು ಬಿಟ್ಟಿದ್ದು ಸಾವಿರದ ಒಂಬೈನೂರ ಎಂಬತ್ತಾರನೇ ಇಸವಿಯಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಬಿಟ್ಟೆ ಅಂತಲೇ ಬರೀತೀನಿ. ಫೇಲಾಗಿರಲಿಲ್ಲ, ಯಾರೂ ಬಿಡಿಸಲಿಲ್ಲ. ಒಂದು ಸೋಮವಾರ ಹೈಸ್ಕೂಲಿಗೆ ಹೋಗುವ ದಾರಿಯಲ್ಲಿ, ಹಂದನಕೆರೆಗೆ ಸ್ವಲ್ಪ ಮುಂಚೆ, ಒಂದು ತೋಟದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವರನ್ನು ನೋಡುತ್ತ ನಿಂತೆ. ನೆಲಕ್ಕೆ ಹೂತ ಕಬ್ಬಿಣದ ಮೊನೆಗೆ ಕಾಯಿ ಕುಟ್ಟಿ, ತಿರುವಿ, ಸಿಪ್ಪೆ ಹಾರಿಸುತ್ತಿದ್ದರು. ಪುಸ್ತಕದ ಚೀಲವನ್ನು ಬೇಲಿಗೆ ನೇತುಹಾಕಿ ನಾನೂ ಒಂದು ಕಾಯಿ ಎತ್ತಿಕೊಂಡೆ. ಸಂಜೆ ಹೊತ್ತಿಗೆ ಅವರಲ್ಲಿ ಇಬ್ಬರಿಗಿಂತ ಹೆಚ್ಚು ಸುಲಿದಿದ್ದೆ. ಮಾರನೇ ದಿನವೂ ಅಲ್ಲಿಗೇ ಹೋದೆ. ಚೀಲ ಬೇಲಿಯಲ್ಲೇ ಉಳಿಯಿತು. ಒಂದು ದಿನ ನಮ್ಮದೇ ಮೇಕೆ ಬಂದು ಸಮಾಜ ವಿಜ್ಞಾನವನ್ನು ಪೂರ್ತಿ ತಿಂದುಹಾಕಿತು. "ನಿನಗಿಂತ ಅದೇ ಮುಂದಕ್ಕೋಯ್ತು ಕಣ್ಲಾ" ಅಂದ ನಮ್ಮಪ್ಪ. ಬೈದಿದ್ದು ಅಷ್ಟೇ.

ಹೀಗೆ ಬಿಟ್ಟವನಿಗೆ 'ಬಿಡು' ಅನ್ನೋ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತೆ. ನಮ್ಮ ಕಡೆ ಬಿಡು ಅನ್ನಲ್ಲ, ಬುಡು ಅಂತೀವಿ. ಆ ಒಂದೇ ಮಾತಿಗೆ ನೂರೆಂಟು ಕೆಲಸ. ಎಮ್ಮೆ ಮೇಯಕ್ಕೆ ಬುಡು. ಗದ್ದೆಗೆ ನೀರು ಬುಡು. ಹೋಗ್ಲಿ ಬುಡು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಅಂದರೆ, ಕೊಬ್ಬರಿ ಗಿಟುಕಾಗಿ ಚಿಪ್ಪಿನಿಂದ ಕಳಚಿಕೊಂಡಿದೆ ಅಂತ ಲೆಕ್ಕ. ಅದಕ್ಕೂ ನಮ್ಮವ್ವ "ಬುಟ್ಟೈತೆ, ಇಳಿಸ್ಕಳ್ಳಿ" ಅಂತಿದ್ದಳು. ಈ ಮಾತನ್ನು ಒಂದು ಸಲ ತಪ್ಪಾಗಿ ತಿಳಿದುಕೊಂಡು ನನ್ನ ಆಯುಸ್ಸಿನಲ್ಲಿ ಒಂದು ವರ್ಷ ಕಳೆದೆ. ಅದನ್ನು ಆಮೇಲೆ ಹೇಳ್ತೀನಿ. ಮೊದಲು ಮೌತ್‌ಪೀಸಿನ ವಿಷಯ.

ಇವತ್ತು ಬೆಳಿಗ್ಗೆ ಸ್ಯಾಕ್ಸೋಫೋನಿನ ಪೆಟ್ಟಿಗೆ ಒರೆಸುತ್ತ ಕೂತಿದ್ದಾಗ ನನ್ನ ಹಳೇ ಮೌತ್‌ಪೀಸು ಕೈಗೆ ಬಂತು. ಸ್ಯಾಕ್ಸೋಫೋನಿನ ತುದಿಗೆ ಸಿಕ್ಕಿಸಿ ಬಾಯಿಗಿಟ್ಟುಕೊಳ್ಳೋ ಕರೀ ತುಂಡು ಅದು. ಕೆಳಗಡೆ ತೆಳ್ಳನೆಯ ರೀಡು, ಅಂದರೆ ಊದಿದರೆ ಅದುರೋ ಬೆತ್ತದ ಪಟ್ಟಿ, ಕಟ್ಟಿರುತ್ತೆ. ಕೆಳತುಟಿಯನ್ನು ಒಳಕ್ಕೆ ಮಡಿಸಿ ರೀಡಿಗೆ ಕೊಡಬೇಕು, ಮೇಲಿನ ಹಲ್ಲು ಎರಡನ್ನೂ ಕರೀ ತುಂಡಿನ ಬೆನ್ನ ಮೇಲೆ ಊರಬೇಕು, ಆಮೇಲೆ ಊದಬೇಕು. ಊರಬೇಕು ಅಷ್ಟೇ, ಕಚ್ಚಬಾರದು. ನಾನು ಕಚ್ಚೋನು. ಮೂವತ್ತು ಚಿಲ್ಲರೆ ವರ್ಷ ಕಚ್ಚಿ ಕಚ್ಚಿ ಅದರ ಬೆನ್ನ ಮೇಲೆ ಎರಡು ಕುಳಿ ಬಿದ್ದಿವೆ. ಒಂದೊಂದರಲ್ಲಿ ಒಂದೊಂದು ರಾಗಿ ಕಾಳು ನಿಲ್ಲುತ್ತೆ. ಬೆಂಗಳೂರಿನಲ್ಲಿ ಒಬ್ಬರು ಅದನ್ನು ನೋಡಿ ಗಾಬರಿಯಾದರು. ನನಗೆ ಹೆಮ್ಮೆಯಾಯಿತು. ದುಡಿದವನ ಅಂಗೈ ನೋಡಿದ ಹಾಗಲ್ಲವೇ ಅದು?

ಆ ಕುಳಿ ತೋಡಿದ ಹಲ್ಲುಗಳಲ್ಲಿ ಒಂದು ಹೋದ ವರ್ಷ ಅಲ್ಲಾಡೋಕೆ ಶುರುವಾಯ್ತು. ಅದೂ ಎಂಥ ಹೊತ್ತಿನಲ್ಲಿ ಅಂದರೆ, ತಿಪಟೂರಿನಲ್ಲಿ ನನ್ನ ಸ್ವಂತ ಸಂಗೀತದ ಮೊದಲನೇ ಕಾರ್ಯಕ್ರಮಕ್ಕೆ ಎರಡು ವಾರ ಇತ್ತು.

ಮೊದಲನೆಯದು ಅಂದರೆ ನೀವು ನಂಬಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ನಾನು ಊದದ ಛತ್ರ ಇಲ್ಲ. ಆದರೆ ಅದೆಲ್ಲ ಬ್ಯಾಂಡ್ ಸೆಟ್ಟಿನ ಮದುವೆ ಹಾಡು. ನನ್ನದು ಅಂತ ಇನ್ನೊಂದು ಇದೆ. ಅದರಲ್ಲಿ ಪಲ್ಲವಿ ಇಲ್ಲ, ಚರಣ ಇಲ್ಲ, ಕೆಲವು ಸಲ ಸ್ವರವೂ ಇರಲ್ಲ, ಬರೀ ಗಾಳಿ, ಕೀಲಿಗಳ ಟಕಟಕ, ಒಂದೇ ಉಸಿರಲ್ಲಿ ಎರಡು ಸ್ವರ ಒಡೆದು ಬರೋ ಕಿರುಚು. ಕೇಳೋರು ಇದನ್ನು ಪ್ರಯೋಗದ ಜಾಝ್ ಅಂತಾರೆ. ಆ ಹೆಸರು ಮನೆಗೆ ತಂದ ದಿನ ನನ್ನ ಹೆಂಡತಿ ಜಯಮ್ಮ, "ಜಾಜಾ? ಗ್ವಾಡೆಗೆ ಬಳಿಯೋ ಕೆಮ್ಮಣ್ಣಲ್ವೇನ್ರೀ ಅದು? ಜಾಜು ಬಳಿಯಾಕೆ ಬೆಂಗ್ಳೂರಿಂದ ಕರೀತಾರಾ?" ಅಂತ ಕೇಳಿದಳು. ಒಂದು ಲೆಕ್ಕಕ್ಕೆ ಸರಿಯಾಗೇ ಕೇಳಿದಳು. ಆ ಬಳಿಯೋ ಕೆಲಸಕ್ಕೆ ಬೆಂಗಳೂರು, ಗೋವಾ, ಮುಂಬೈ ಎಲ್ಲ ಸುತ್ತಿ ಬಂದೆ. ನಮ್ಮೂರಿನೋರು ಮಾತ್ರ, "ಬಾ ಗಿರಿಯಣ್ಣ, ಆದ್ರೆ ಆ ಹುಚ್ಚು ಮಾತ್ರ ಊದಬ್ಯಾಡ ಕಣಪ್ಪ, ಬೀಗರು ಬಂದಿರ್ತಾರೆ" ಅಂತಲೇ ವೀಳ್ಯ ಕೊಡೋರು.

ಹಾಗಾಗಿ ಕೊಬ್ಬರಿ ಮಂಡಿಯ ಯಜಮಾನರೊಬ್ಬರು, ಸರಕು ಖಾಲಿಯಾಗಿದ್ದ ತಮ್ಮ ಗೋಡೌನಿನಲ್ಲಿ ಒಂದು ಭಾನುವಾರ ಊದು ಅಂದಾಗ ಯಾರ ಮದುವೆ ಅಂತ ಕೇಳಿದೆ. "ಮದ್ವೆ ಹಾಡಲ್ಲ ಕಣಯ್ಯ. ಅದೇ, ನಿನ್ ಹುಚ್ಚು. ಎಲ್ಲಾರೂ ಕೇಳವ್ರೆ, ನಾವೂ ಒಂದ್ಸಲ ಕೇಳ್ಬುಡನ" ಅಂದರು. ಒಪ್ಪಿಕೊಂಡ ಮೂರನೇ ದಿನ ಬೆಳಿಗ್ಗೆ ಅಭ್ಯಾಸಕ್ಕೆ ಕೂತು ಮೌತ್‌ಪೀಸು ಕಚ್ಚಿದೆ. ಬಲಗಡೆಯ ಹಲ್ಲು ಒಳಕ್ಕೆ ಬಾಗಿತು. ನಾಲಿಗೆಯಿಂದ ಮುಟ್ಟಿ ನೋಡಿದೆ. ಮುಂದಕ್ಕೂ ಬಂತು.

ಸ್ಯಾಕ್ಸೋಫೋನ್ ಊದೋನಿಗೆ ಮೇಲಿನ ಹಲ್ಲು ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಹೀಂ ಸಾಬ್ ಮೇಷ್ಟ್ರನ್ನು ಕಣ್ಣಾರೆ ನೋಡಿದ್ದೆ.

ಮೇಷ್ಟ್ರು ಮಿಲಿಟರಿ ಬ್ಯಾಂಡಿನಲ್ಲಿದ್ದು ಪಿಂಚಣಿ ತಗೊಂಡು ಬಂದು ತಿಪಟೂರಿನ ರೈಲ್ವೆ ಗೇಟಿನ ಹತ್ತಿರ ಬ್ಯಾಂಡ್ ಸೆಟ್ ಮಾಡಿದೋರು. ಕಾಯಿ ಸುಲಿಯೋ ಕೆಲಸಕ್ಕೆ ತಿಪಟೂರಿಗೆ ಬಂದಾಗೆಲ್ಲ ಅವರ ಅಂಗಡಿ ಮುಂದೆ ನಿಲ್ಲುತ್ತಿದ್ದೆ. ನಮ್ಮಪ್ಪ ಹಟ್ಟಿಯಲ್ಲಿ ದೇವರ ಮುಂದೆ ಗಣೆ ಊದುತ್ತಿದ್ದ. ಗಣೆ ಅಂದರೆ ಎದೆಯುದ್ದದ ಬಿದಿರು ಕೊಳಲು. ಅದರಲ್ಲಿ ಸ್ವರಕ್ಕಿಂತ ಉಸಿರೇ ಹೆಚ್ಚು ಕೇಳೋದು. ಅದನ್ನು ಕೇಳಿ ಬೆಳೆದವನಿಗೆ ಈ ಹಿತ್ತಾಳೆಯ ಬಾಯಿಂದ ಹೊರಡೋ ಸದ್ದು ಬೆಳಕು ಬಿಟ್ಟ ಹಾಗೆ ಕಾಣಿಸಿತು. ಒಂದು ದಿನ ಮೇಷ್ಟ್ರು, "ದಿನಾ ನಿಂತ್ಕಂತೀಯಲ್ಲ, ಬಾ, ಊದು ನೋಡನ" ಅಂತ ಕರೆದು ಕೈಗೆ ಕೊಟ್ಟೇಬಿಟ್ಟರು.

ಕಾಯಿ ಸುಲಿಯೋ ಹುರುಪಿನಲ್ಲೇ ಕಚ್ಚಿ ಹಿಡಿದು ಊದಿದೆ. ಕುಯ್ ಅಂತು. ಮೇಷ್ಟ್ರು, "ಬುಡು" ಅಂದರು. ಇನ್ನೂ ಗಟ್ಟಿಯಾಗಿ ಕಚ್ಚಿದೆ. "ಬುಡೋ, ಬುಡು, ಹಲ್ಲು... ಅರೆ, ಬುಡು ಬೇಟಾ" ಅಂದರು. ಹಲ್ಲಿನ ಹಿಡಿತ ಸಡಿಲ ಬಿಡು ಅಂತ ಅವರು ಹೇಳಿದ್ದು. ಓದು ಬುಟ್ಟೋನು ಅಂತ ಹಟ್ಟಿಯೆಲ್ಲ ಅನ್ನಿಸಿಕೊಂಡವನ ಕಿವಿಗೆ ಕೇಳಿಸಿದ್ದು ಬೇರೆ. ನಿನ್ನ ಕೈಲಾಗಲ್ಲ, ಇದನ್ನೂ ಬಿಡು ಅಂದರು ಅಂದುಕೊಂಡೆ. ಸ್ಯಾಕ್ಸೋಫೋನನ್ನು ಬೆಂಚಿನ ಮೇಲೆ ಮೆಲ್ಲಗೆ ಮಲಗಿಸಿ, ಕೈ ಮುಗಿದು, ಸೈಕಲ್ ಹತ್ತಿ ಹೊರಟೆ. ಹಿಂದಿನಿಂದ ಏನೋ ಕೂಗಿದರು. ತಿರುಗಿ ನೋಡಲಿಲ್ಲ.

ಒಂದು ವರ್ಷ ಆದಮೇಲೆ ಸಂತೆಯಲ್ಲಿ ಎದುರಿಗೆ ಸಿಕ್ಕಿದರು. "ಎಲ್ಲೋಗಿದ್ಯೋ ಇಷ್ಟ್ ದಿನ?"

"ನೀವೇ ಬುಡು ಅಂದ್ರಲ್ಲ ಮೇಷ್ಟ್ರೆ" ಅಂದೆ, ಮುಖ ಗಂಟು ಹಾಕಿಕೊಂಡು.

ಅವರಿಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಕ್ಕರು ನೋಡಿ, ಕೆಮ್ಮು ಹತ್ತಿ, ಪಕ್ಕದ ಮೆಣಸಿನಕಾಯಿ ಅಂಗಡಿಯೋನು ಬಂದು ಬೆನ್ನು ತಟ್ಟಬೇಕಾಯಿತು.

ಅಲ್ಲಿಂದ ಅವರ ಬ್ಯಾಂಡಿನಲ್ಲಿ ವರ್ಷಗಟ್ಟಲೆ ಊದಿದೆ. ಬೆಳಗಿನ ಜಾವ ಎದ್ದು ಕಾಯಿ ಸುಲಿದು, ಆಮೇಲೆ ಬ್ಯಾಂಡು. ನಾನು ಕೆಲಸಕ್ಕೆ ಹೆದರಿದವನಲ್ಲ. ಕಚ್ಚೋದು ಮಾತ್ರ ಬಿಡಲಿಲ್ಲ. ಮೇಷ್ಟ್ರು ಹೇಳಿ ಹೇಳಿ ಸುಸ್ತಾದರು.

ನನ್ನ ತಲೆ ಕೆಡಿಸಿದ್ದೂ ಅವರೇ, ಗೊತ್ತಿಲ್ಲದೆ. ಮಿಲಿಟರಿ ಕಾಲದ ಕ್ಯಾಸೆಟ್ಟುಗಳ ಒಂದು ಗಂಟು ಅವರ ಹತ್ತಿರ ಇತ್ತು. "ಮಾರ್ಚ್ ಪಾಸ್ಟಿನ ಹಾಡಿದಾವೆ, ಕೇಳಿ ಕಲ್ತ್ಕೋ" ಅಂತ ಕೊಟ್ಟರು. ಅದರಲ್ಲಿ ಒಂದಕ್ಕೆ ಚೀಟಿ ಕಿತ್ತುಹೋಗಿತ್ತು. ಹಾಕಿದೆ. ಒಂದು ಸ್ಯಾಕ್ಸೋಫೋನು ಕೀರಲು ದನಿಯಲ್ಲಿ ಅರಚಿ, ಮುಗ್ಗರಿಸಿ, ಗೊರಗೊರ ಅಂದು ಮತ್ತೆ ಎದ್ದಿತು. ಟೇಪು ನುಂಗ್ತಿದೆ ಅಂದುಕೊಂಡೆ. ಕ್ಯಾಸೆಟ್ ತೆಗೆದು ಪೆನ್ಸಿಲ್ ತೂರಿಸಿ ಬಿಗಿಯಾಗಿ ಸುತ್ತಿ ಮತ್ತೆ ಹಾಕಿದೆ. ಮತ್ತೆ ಅದೇ. ಟೇಪ್ ರೆಕಾರ್ಡರಿನ ತಲೆಯನ್ನು ಹತ್ತಿಯಲ್ಲಿ ಒರೆಸಿ ಹಾಕಿದಾಗಲೂ ಅದೇ ಜಾಗದಲ್ಲಿ ಅದೇ ಗೊರಗೊರ. ಆಗ ಗೊತ್ತಾಯಿತು, ಕೆಟ್ಟಿರೋದು ಟೇಪಲ್ಲ, ಊದಿದೋನು ಬೇಕು ಅಂತಲೇ ಹಾಗೆ ಊದಿದ್ದಾನೆ. ಯಾರು, ಯಾವ ದೇಶದೋನು, ಇವತ್ತಿಗೂ ಗೊತ್ತಿಲ್ಲ. ಅಟ್ಟ ಹತ್ತಿ, ಕಾಯಿ ರಾಶಿಯ ಮೇಲೆ ಕೂತು, ಅವನ ಹಾಗೆ ಊದೋಕೆ ನೋಡಿದೆ. ಕೆಳಗಿನಿಂದ ಜಯಮ್ಮ, "ಇಲಿ ಸಿಕ್ಕಾಕ್ಕಂಡೈತೇನ್ರೀ?" ಅಂತ ಕೇಳಿದಳು.

ಇದು ಹೊರಗೆ ಬಂದಿದ್ದು ನೊಣವಿನಕೆರೆ ಕಡೆಯ ಒಂದು ಮದುವೆಯಲ್ಲಿ. ಓಲಗದವರ ಗಾಡಿ ಕೆಟ್ಟು, ಮುಹೂರ್ತಕ್ಕೆ ಗಟ್ಟಿಮೇಳ ಬಾರಿಸೋ ಭಾರ ನಮ್ಮ ಬ್ಯಾಂಡಿನ ಮೇಲೆ ಬಿತ್ತು. ಗಟ್ಟಿಮೇಳ ಅಂದರೆ ನಿಮಗೆ ಗೊತ್ತಲ್ಲ. ತಾಳಿ ಕಟ್ಟೋ ಹೊತ್ತಿಗೆ ಸೀನು, ಕೆಮ್ಮು, ಕೆಟ್ಟ ಮಾತು, ಯಾವುದೂ ಯಾರ ಕಿವಿಗೂ ಬೀಳಬಾರದು. ಅಷ್ಟು ಸದ್ದು ಮಾಡಬೇಕು. ರಾಗ ಕೇಳೋರಿಲ್ಲ, ತಾಳ ನೋಡೋರಿಲ್ಲ, ಇರೋ ಉಸಿರನ್ನೆಲ್ಲ ಹಾಕೋದು. ಪುರೋಹಿತರು ಕೈಯೆತ್ತಿ ಗಟ್ಟಿಮೇಳ ಅಂದರು. ನನ್ನೊಳಗೆ ತಡೆದಿಟ್ಟಿದ್ದ ಆ ಕ್ಯಾಸೆಟ್ಟು ಕಟ್ಟೆ ಒಡೆಯಿತು. ತಮಟೆಯ ಶಿವಲಿಂಗ, ನನ್ನ ಜೊತೆಯವನು, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ ಅವನೂ ನುಗ್ಗಿದ. ತಾಳಿ ಕಟ್ಟಿದ್ದಾಯಿತು. ಅಕ್ಷತೆ ಬಿತ್ತು. ಪುರೋಹಿತರು ಕೈ ಇಳಿಸಿದರು. ಎಲ್ಲರೂ ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ಒಬ್ಬ ಅಜ್ಜಿ, "ಯಾರ್ದೋ ಎಮ್ಮೆ ಈಯ್ತಾ ಐತೆ, ನೋಡ್ರೋ ಹೊರಗೆ" ಅಂದಿದ್ದು ಇಡೀ ಛತ್ರಕ್ಕೆ ಕೇಳಿಸಿತು. ಕೊನೆಗೆ ಮೇಷ್ಟ್ರು ಬಂದು ಸ್ಯಾಕ್ಸೋಫೋನಿನ ಬಾಯಿಗೆ ಅಂಗೈ ಒತ್ತಿ ಹಿಡಿದು, "ಸಾಕು!" ಅಂತ ಗುಡುಗಿದರು.

ಸ್ಯಾಕ್ಸು, ಸಾಕು. ಜನಕ್ಕೆ ಇಷ್ಟು ಸಾಲದೇ? ಅವತ್ತಿಂದ ನಾನು ಸಾಕು ಗಿರಿಯಣ್ಣ.

ಅವತ್ತೇ ಮೇಷ್ಟ್ರು, "ಅದು ಸಂಗೀತ ಅಲ್ಲ, ತಗಡಿನ ಮೇಲೆ ಕಾಯಿ ಸುರಿದಂಗೆ. ನನ್ನ ಬ್ಯಾಂಡ್‌ನಾಗೆ ಅದು ಬೇಡ" ಅಂದರು. ಬೇಡ ಅಂದ ಕಡೆ ನಿಲ್ಲೋ ಜಾತಿಯಲ್ಲ ನಾನು. ಶಿವಲಿಂಗನನ್ನು ಕರೆದುಕೊಂಡು ಬೇರೆ ಸೆಟ್ ಮಾಡಿದೆ. ಆ ಸದ್ದು ಕೇಳಿದ ಬೆಂಗಳೂರಿನೋರೊಬ್ಬರು ಕರೆಸಿಕೊಂಡರು, ಅಲ್ಲಿಂದ ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹೋಗಿ ಗೋವಾ, ಮುಂಬೈವರೆಗೂ ಕರೆ ಬಂತು. ಮೇಷ್ಟ್ರು ಸಿಕ್ಕಿದರೆ ಕೈ ಮುಗೀತಿದ್ದೆ, ಅವರು ತಲೆ ಆಡಿಸೋರು. ಮಾತು ಅಷ್ಟಕ್ಕೇ. ಕೆಲವು ವರ್ಷ ಕಳೆದು ಅವರ ಮುಂದಿನ ಹಲ್ಲು ಹೋದವು. ಕಟ್ಟಿಸಿಕೊಂಡ ಹಲ್ಲಲ್ಲಿ ಊದೋಕೆ ಒಗ್ಗಲಿಲ್ಲ. ಸ್ಯಾಕ್ಸೋಫೋನಿಗೆ ಹಳೇ ಪಂಚೆ ಸುತ್ತಿ ಬೀರುವಿನ ಮೇಲಿಟ್ಟರು. ಅಂಗಡಿ ಮುಂದೆ ಹಾದಾಗ, ಬೆಂಚಿನ ಮೇಲೆ ಬರಿಗೈಯಲ್ಲಿ ಕೂತು ತೊಡೆಯ ಮೇಲೆ ಬೆರಳು ಆಡಿಸುತ್ತಿದ್ದರು.

ಅದಕ್ಕೇ ಹೇಳ್ತಿರೋದು, ನನ್ನಲ್ಲಿ ಅಲ್ಲಾಡಿದ್ದು ಬರೀ ಹಲ್ಲಲ್ಲ ಅಂತ. ಇಷ್ಟು ವರ್ಷ ಆದಮೇಲೆ ನಮ್ಮೂರು ಕೇಳ್ತೀನಿ ಅಂದಿದೆ. ಮೇಷ್ಟ್ರು ಇನ್ನೂ ಇದ್ದಾರೆ. ಈ ಭಾನುವಾರ ತಪ್ಪಿದರೆ ಇನ್ನೊಂದು ಭಾನುವಾರಕ್ಕೆ ಅವರಿರ್ತಾರೋ, ನನ್ನ ಹಲ್ಲಿರುತ್ತೋ.

ತಿಪಟೂರಿನಲ್ಲಿ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದೆ. ಚಿಕ್ಕ ವಯಸ್ಸು, ಮಾತು ಮಾತ್ರ ಖಡಕ್ಕು. ಎರಡು ಬೆರಳಲ್ಲಿ ಹಲ್ಲು ಹಿಡಿದು, ಕಾಯಿ ಅಲ್ಲಾಡಿಸಿ ನೋಡಿದ ಹಾಗೆ ನೋಡಿದರು. "ವಸಡು ಬಿಟ್ಟಿದೆ" ಅಂದರು. ಆ ಕುರ್ಚಿಯಲ್ಲಿ ಮಲಗಿದ್ದವನಿಗೆ ಅಟ್ಟದ ಕೆಳಗೆ ನಿಂತ ನಮ್ಮವ್ವನ ದನಿಯೇ ಕೇಳಿಸಿತು. ಬುಟ್ಟೈತೆ, ಇಳಿಸ್ಕಳ್ಳಿ.

"ತೆಗೆದುಬಿಡೋಣ" ಅಂದರು ಡಾಕ್ಟರಮ್ಮ.

"ತೆಗೆದ್ರೆ ಹತ್ತು ದಿನಕ್ಕೆ ಊದಬಹುದಾ?"

"ಗಾಯ ಮಾಗಬೇಕು. ಆಮೇಲೆ ಹಲ್ಲು ಕಟ್ಟಬೇಕು. ಆಮೇಲೂ ಮೊದಲಿನ ಥರ ಊದ್ತೀರಾ ಅಂತ ನಾನು ಮಾತು ಕೊಡಲ್ಲ."

"ಹಂಗಾದ್ರೆ ತಂತಿ ಹಾಕಿ ಪಕ್ಕದ ಹಲ್ಲಿಗೆ ಕಟ್ಟಿಬಿಡಿ ಮೇಡಂ."

"ಪಕ್ಕದ್ದೂ ಸಡಿಲ. ಗೆದ್ದಲು ತಿಂದಿರೋ ಗೂಟಕ್ಕೆ ಎಮ್ಮೆ ಕಟ್ತೀರಾ?"

ಎದ್ದು ಬಂದೆ. ಕಾರ್ಯಕ್ರಮ ಆಗೋವರೆಗೂ ಅದು ನಿಲ್ಲಬೇಕು, ಅಷ್ಟೇ. ಗಟ್ಟಿ ತಿನ್ನೋದು ಬಿಟ್ಟೆ. ಕೊಬ್ಬರಿ ಬೆಲ್ಲ ಇಲ್ಲದ ಸಂಜೆ ಅಂತ ನನ್ನ ಜೀವಮಾನದಲ್ಲಿ ಅವೇ. ಜಯಮ್ಮ ಎರಡು ಹೊತ್ತೂ ಮುದ್ದೆ ತಿರುವಿದಳು. "ಮುದ್ದೆ ನುಂಗೋ ಸೀಮೇಲಿ ಹುಟ್ಟಿದ್ದಕ್ಕೆ ಬದುಕ್ಕಂಡ್ರಿ. ಚಪಾತಿ ಸೀಮೆಯೋರಾಗಿದ್ರೆ ಉಪ್ವಾಸನೇ" ಅಂತ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಕಿತ್ತಾಕಿಸ್ರಿ ಅಂದ್ರೆ ಕೇಳಾಕಿಲ್ಲ. ಕೀವಾಗಿ ತಲೆಗೇರಿದ್ರೆ ಯಾರು ನೋಡೋರು?" ಅಂದಳು. ಅವಳಿಗೆ ಭಯ ಇತ್ತು. ನನಗೂ ಇತ್ತು, ತೋರಿಸಲಿಲ್ಲ. ಅಭ್ಯಾಸ ಅಂದರೆ ಬರೀ ಬೆರಳು ಆಡಿಸೋದು, ಊದೋದಿಲ್ಲ. ಒಂದು ಮಧ್ಯಾಹ್ನ ಹಾಗೆ ತೊಡೆಯ ಮೇಲೆ ಬೆರಳು ಆಡಿಸುತ್ತ ಕೂತಿದ್ದವನಿಗೆ ನಾನು ಯಾರ ಹಾಗೆ ಕೂತಿದ್ದೀನಿ ಅಂತ ಹೊಳೆದು ಎದ್ದುಬಿಟ್ಟೆ.

ಅವತ್ತೇ ಮೇಷ್ಟ್ರ ಮನೆಗೆ ಹೋದೆ. ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಎಂಬತ್ತು ದಾಟಿದ ವಯಸ್ಸು, ಒಂದು ಕಿವಿ ಮಂದ.

"ಯಾರು?"

"ನಾನು ಮೇಷ್ಟ್ರೆ, ಗಿರಿಯಣ್ಣ."

"ಸಾಕು ಗಿರಿಯಣ್ಣಾನಾ? ಬಾ, ಕೂತ್ಕೋ."

"ಭಾನುವಾರ ಗೋಡೌನ್‌ನಾಗೆ ಕಾರ್ಯಕ್ರಮ ಐತೆ. ನೀವು ಬರಬೇಕು."

"ಏನ್ ಊದ್ತೀಯ?"

"ನಂದೇ."

"ನಿಂದೇ ಅಂದ್ರೆ? ಆ ಗಟ್ಟಿಮೇಳದ್ದಾ?"

"ಅದೇ. ಈಗ ಇನ್ನೂ ಜಾಸ್ತಿ ಆಗೈತೆ."

ಮೇಷ್ಟ್ರು ಸ್ವಲ್ಪ ಹೊತ್ತು ಬೀರುವಿನ ಮೇಲಿದ್ದ ಪಂಚೆಯ ಗಂಟನ್ನು ನೋಡಿದರು. "ಇನ್ನೂ ಕಚ್ಚೇ ಊದ್ತೀಯಾ?" ಅಂದರು.

ಅಲ್ಲಾಡೋ ಹಲ್ಲನ್ನು ನಾಲಿಗೆಯಿಂದ ಒತ್ತಿ ಹಿಡಿದೆ.

"ಬರ್ತೀನಿ. ಅರ್ಧಕ್ಕೆ ಎದ್ದೋದ್ರೆ ಬೇಜಾರು ಮಾಡ್ಕೋಬೇಡ."

"ಆಟೋ ಕಳಿಸ್ತೀನಿ ಮೇಷ್ಟ್ರೆ."

"ಆಟೋನೋನಿಗೆ ಬಾಗಿಲಲ್ಲೇ ನಿಂತಿರು ಅಂತ ಹೇಳು. ಬೇಗ ಬೇಕಾಗ್ತದೆ."

ಭಾನುವಾರ ಸಂಜೆ ಗೋಡೌನು ತುಂಬಿತ್ತು. ಕಸ ಹೊಡೆದು, ನೀರು ಚಿಮುಕಿಸಿ, ಮೂಟೆ ಜೋಡಿಸುವ ಹಲಗೆಗಳನ್ನೇ ವೇದಿಕೆ ಮಾಡಿದ್ದರು. ಗೋಡೆಯಿಂದ ಕೊಬ್ಬರಿಯ ಎಣ್ಣೆವಾಸನೆ ಬರುತ್ತಿತ್ತು. ನಾನು ಊದಿದ ಮದುವೆಗಳ ಗಂಡು ಹೆಣ್ಣು ಎಷ್ಟೋ ಜನ, ಈಗ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಹಿಂದುಗಡೆಯಿಂದ ಯಾರೋ, "ಸಾಕು ಬಂದ ಕಣ್ಲಾ" ಅಂದರು. ಮುಂದಿನ ಸಾಲಿನಲ್ಲಿ ಮೇಷ್ಟ್ರು, ಮೊಣಕಾಲ ನಡುವೆ ಕೋಲು, ಚೆನ್ನಾಗಿರೋ ಕಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕೂತಿದ್ದರು. ಅವರ ಹಿಂದೆ ಜಯಮ್ಮ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಬಾಗಿಲಾಚೆ ಆಟೋ ನಿಂತಿತ್ತು.

"ಲೇ ಗಿರಿಯಾ" ಅಂದ ಶಿವಲಿಂಗ, ತಮಟೆಯನ್ನು ಬೆಂಕಿಗೆ ಕಾಯಿಸಿಕೊಂಡು ಬರುತ್ತ. "ಬಿದ್ರೆ ನುಂಗಬ್ಯಾಡ ಕಣ್ಲಾ. ಸನ್ನೆ ಮಾಡು, ನಾನು ನೋಡ್ಕಂತೀನಿ."

ಶುರು ಮಾಡಿದೆ. ಹಲ್ಲು ತಾಗಿತೋ ಇಲ್ಲವೋ ಅನ್ನೋ ಹಾಗೆ ಇ‌ಟ್ಟು, ಹೆದರಿ ಹೆದರಿ ಊದಿದೆ. ಸದ್ದು ಬಂತು, ಜೀವ ಬರಲಿಲ್ಲ. ಜ್ವರದಲ್ಲಿ ಎದ್ದು ಕೂತವನ ದನಿಯಂತಿತ್ತು. ಎತ್ತರದ ಸ್ವರಕ್ಕೆ ಹೋದರೆ ವಸಡಿನಿಂದ ಕಿವಿಯವರೆಗೂ ಸೆಳೆತ. ಇಳಿದುಬಿಡುತ್ತಿದ್ದೆ. ಶಿವಲಿಂಗ ನನ್ನ ಮುಖ ನೋಡಿ ನೋಡಿ ತಮಟೆಯನ್ನೂ ತಗ್ಗಿಸಿದ. ಜನ ಕುರ್ಚಿಯಲ್ಲಿ ಮೈ ಸರಿಪಡಿಸಿಕೊಳ್ಳತೊಡಗಿದರು. ಒಂದು ಮಗು ಅತ್ತಿತು, ಅದನ್ನು ಎತ್ತಿಕೊಂಡು ಹೊರಗೆ ಹೋದರು, ಅದೇ ನೆಪಕ್ಕೆ ಇನ್ನಿಬ್ಬರು ಹೋದರು. ಇದಕ್ಕಾ ಇಷ್ಟು ವರ್ಷ ಕಾದಿದ್ದು?

ಆಗ ಮೇಷ್ಟ್ರು ಕೋಲು ಊರಿ ಎದ್ದರು.

ಅವರ ಬೆನ್ನು ತಿರುಗೋದನ್ನು ನೋಡಿದೆ. ಮುಖ ಬಾಗಿಲಿನ ಕಡೆ. ಆಟೋ ಇತ್ತಲ್ಲ, ಸಿದ್ಧವಾಗಿ. ನನಗೆ ಸಿಟ್ಟೋ, ಅವಮಾನವೋ, ಏನು ಬಂತೋ ಗೊತ್ತಿಲ್ಲ. ಡಾಕ್ಟರಮ್ಮ, ಜಯಮ್ಮ ಎಲ್ಲ ಮರೆತು, ಇಷ್ಟು ವರ್ಷ ಕಚ್ಚಿದ ಹಾಗೇ ಕಚ್ಚಿ, ಇರೋ ಉಸಿರನ್ನೆಲ್ಲ ಹಾಕಿದೆ. ಒಂದು ಸ್ವರ ಎದ್ದಿತು, ಒಡೆಯಿತು, ಬಾಯೊಳಗೆ ಕಟಕ್ ಅಂತು.

ಸದ್ದು ನಿಂತಿತು. ನಾಲಿಗೆಯ ಮೇಲೆ ಹಲ್ಲು ಕೂತಿತ್ತು. ಉಪ್ಪುಪ್ಪಾಗಿ ರಕ್ತ.

ಶಿವಲಿಂಗನ ಕಡೆ ನೋಡಿದೆ. ಅವನಿಗೆ ಗೊತ್ತಾಯಿತು. ನಿಲ್ಲಿಸಲಿಲ್ಲ. ತಮಟೆಯ ಅಂಚಿನಲ್ಲಿ ಬೆರಳ ತುದಿಯಿಂದ, ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ ನುಡಿಸುತ್ತ ನನ್ನನ್ನು ಹಿಡಿದು ನಿಲ್ಲಿಸಿದ. ಹಲ್ಲನ್ನು ನಾಲಿಗೆಯಿಂದ ದವಡೆಗೆ ತಳ್ಳಿದೆ, ಎಲೆ ಅಡಿಕೆ ಇಟ್ಟುಕೊಂಡ ಹಾಗೆ. ಕಚ್ಚೋಣ ಅಂದರೆ ಉಳಿದ ಇನ್ನೊಂದೂ ಸಡಿಲ. ಕೆಳತುಟಿಯ ಹಾಗೇ ಮೇಲಿನ ತುಟಿಯನ್ನೂ ಒಳಕ್ಕೆ ಮಡಿಸಿ, ಬೊಚ್ಚುಬಾಯಿ ಅಜ್ಜನ ಹಾಗೆ ಮೌತ್‌ಪೀಸಿಗೆ ಕೊಟ್ಟು, ಉಸಿರು ಬಿಟ್ಟೆ.

ಮೊದಲು ಬರೀ ಗಾಳಿ ಬಂತು. ಆಮೇಲೆ ಗಾಳಿಯೊಳಗಿಂದ ಒಂದು ಸ್ವರ, ಬುಡದ್ದು, ಅಗಲವಾದದ್ದು. ಗೋಡೌನಿನ ತಗಡು ಅದಕ್ಕೆ ಗುಂಯ್ ಅಂತು. ಈ ಸದ್ದು ನನಗೆ ಗೊತ್ತು ಅನ್ನಿಸಿತು. ಹಟ್ಟಿಯ ಗುಡಿ ಮುಂದೆ, ಹೋರಿ ಗುದ್ದಿ ಮುಂದಿನ ಹಲ್ಲು ಹೋಗಿದ್ದ ನಮ್ಮಪ್ಪ ಗಣೆ ಎತ್ತಿ ಹಿಡಿದು ನಿಂತಾಗ ಬರುತ್ತಿದ್ದ ಸದ್ದು. ಅದನ್ನೇ ಹಿಡಿದುಕೊಂಡು ಹೋದೆ. ಕಿರುಚಬೇಕಾದ ಕಡೆ ಕಿರುಚಿತು, ಗೊರಗೊರ ಅನ್ನಬೇಕಾದ ಕಡೆ ಅಂತು, ನಾನು ಹಿಂಡಲಿಲ್ಲ. ಶಿವಲಿಂಗ ತಮಟೆಯ ಕೋಲು ಎತ್ತಿಕೊಂಡ. ಕೊನೆಗೆ ಇಬ್ಬರೂ ಸೇರಿ ಗಟ್ಟಿಮೇಳ ಹಾಕಿದೆವು, ಆ ನೊಣವಿನಕೆರೆ ಮದುವೆಯಲ್ಲಿ ಅರ್ಧಕ್ಕೆ ನಿಂತಿದ್ದನ್ನು ಅಲ್ಲಿಂದಲೇ. ಯಾರೂ ಸಾಕು ಅನ್ನಲಿಲ್ಲ. ನಾವೇ ನಿಲ್ಲಿಸಿದೆವು.

ಕಣ್ಣು ಬಿಟ್ಟಾಗ ಮೇಷ್ಟ್ರು ಎದ್ದ ಜಾಗದಲ್ಲೇ, ಕೋಲಿನ ಮೇಲೆ ಎರಡೂ ಕೈ ಊರಿ ನಿಂತಿದ್ದರು. ಮುಖ ನನ್ನ ಕಡೆಗಿತ್ತು.

ಜನ ಚಪ್ಪಾಳೆ ಹೊಡೆದರು. ಎಲ್ಲರಿಗೂ ಹಿಡಿಸಿತು ಅಂತ ಸುಳ್ಳು ಹೇಳಲ್ಲ. ಬಾಗಿಲ ಹತ್ತಿರ ಒಬ್ಬರು, "ಚೆನ್ನಾಗಿತ್ತು ಗಿರಿಯಣ್ಣ, ಹಾಡು ಈಗ ಶುರುವಾಯ್ತದೆ, ಈಗ ಶುರುವಾಯ್ತದೆ ಅಂತ ಕಾಯ್ತಾನೇ ಇದ್ವಿ" ಅಂದರು. ನಡುವೆ ಸದ್ದು ನಿಂತು ಬರೀ ಗಾಳಿ ಬಂತಲ್ಲ, ಅದೇ ಬಹಳ ಚೆನ್ನಾಗಿತ್ತು, ಅದನ್ನು ಹೇಗೆ ಯೋಚನೆ ಮಾಡಿದಿರಿ ಅಂತ ಬೆಂಗಳೂರಿಂದ ಬಂದಿದ್ದವರೊಬ್ಬರು ಕೇಳಿದರು. ದವಡೆಯಲ್ಲಿ ಹಲ್ಲಿತ್ತು, ನಾನು ಬರೀ ತಲೆ ಆಡಿಸಿದೆ. ನನ್ನ ಬಗ್ಗೆ ದೊಡ್ಡ ಮನುಷ್ಯ, ಮಾತು ಕಮ್ಮಿ ಅಂತ ತಿಳಿದುಕೊಂಡಿರಬೇಕು.

ಮೇಷ್ಟ್ರು ಮೆಲ್ಲಗೆ ವೇದಿಕೆ ಹತ್ತಿರ ಬಂದರು. ನನ್ನ ಗಲ್ಲ ಹಿಡಿದು, ದವಡೆಯ ಎರಡೂ ಕಡೆ ಹೆಬ್ಬೆರಳು ಒತ್ತಿ ನೋಡಿದರು.

"ಬುಟ್ಟೆ ಕಣಪ್ಪ" ಅಂದರು. "ಈಗ ಬುಟ್ಟೆ."

ನಾನು ಹಲ್ಲನ್ನು ಅಂಗೈಗೆ ಉಗಿದು ತೋರಿಸಿದೆ.

ಮೇಷ್ಟ್ರು ಅದನ್ನು ನೋಡಿದರು. ನನ್ನನ್ನು ನೋಡಿದರು. "ಹಲ್ಲು ಬುಡು ಅಂದಿದ್ದೆ. ಹಿಂಗಂತ ಅಂದಿರಲಿಲ್ಲವಲ್ಲೋ ಬೇಟಾ." ಸಂತೆಯಲ್ಲಿ ನಕ್ಕಿದ್ದರಲ್ಲ, ಹಾಗೇ ನಕ್ಕರು, ಕೆಮ್ಮು ಹತ್ತಿತು, ಈ ಸಲ ಬೆನ್ನು ತಟ್ಟಿದವನು ನಾನು.

"ಎದ್ದಿದ್ರಲ್ಲ ಮೇಷ್ಟ್ರೆ" ಅಂದೆ, ಆಟೋಗೆ ಹತ್ತಿಸುವಾಗ. ಕೇಳದೆ ಇರೋಕಾಗಲಿಲ್ಲ.

"ಹೋಗೋಕೇ ಎದ್ದಿದ್ದು" ಅಂದರು. "ಆಮೇಲೆ ನಿಂತ್ಕಂಡೆ."

ಪಕ್ಕದ ಹಲ್ಲನ್ನು ಡಾಕ್ಟರಮ್ಮ ಮುಂದಿನ ವಾರ ತೆಗೆದರು. ಗಾಯ ಮಾಗೋವರೆಗೂ ಸುಮ್ಮನಿದ್ದು, ಆಮೇಲೆ ಎರಡು ತುಟಿಯನ್ನೂ ಮಡಿಸಿ ಊದೋದನ್ನು ಮೊದಲಿಂದ ಕಲಿತೆ. ತುಟಿ ಹಣ್ಣಾಗುತ್ತೆ, ಎತ್ತರದ ಸ್ವರ ಕೆಲವು ಇನ್ನೂ ಕೈಗೆ ಬಂದಿಲ್ಲ. ಬರ್ತವೆ. ಕೆಲಸಕ್ಕೆ ಹೆದರಿದವನಲ್ಲ ಅಂದೆನಲ್ಲ. ಶುಕ್ರವಾರ ಮಧ್ಯಾಹ್ನ ಮೇಷ್ಟ್ರ ಮನೆಗೆ ಹೋಗಿ ಊದಿ ಬರ್ತೀನಿ. ಈಗಲೂ ಅವರಿಗೆ ಅದು ಪೂರ್ತಿ ಸಂಗೀತ ಅಲ್ಲ.

ಹಳೇ ಮೌತ್‌ಪೀಸನ್ನು ಒರೆಸಿ ಪೆಟ್ಟಿಗೆಗೆ ವಾಪಸ್ ಇಟ್ಟೆ. ಆ ಕುಳಿಗಳಿಗೆ ಈಗ ಕೆಲಸ ಇಲ್ಲ.

ಈಗ ನನ್ನ ಹತ್ತಿರ ಇರೋದು ಇಷ್ಟು. ಫಲಕ್ಕೆ ಬಂದ ತೆಂಗಿನ ಮರ ಐವತ್ತು. ಎಮ್ಮೆ ಒಂದು, ಅದರ ಕರ ಒಂದು. ಸ್ಯಾಕ್ಸೋಫೋನು ಎರಡು, ಒಂದು ನಂದು, ಇನ್ನೊಂದು ಮೇಷ್ಟ್ರು ಬೀರುವಿನ ಮೇಲಿಂದ ಇಳಿಸಿ ಕೊಟ್ಟಿದ್ದು. ತಮಟೆಯ ಶಿವಲಿಂಗ ಒಬ್ಬ. ಸ್ವಂತ ಹಲ್ಲು ಇಪ್ಪತ್ತಾರು. ಕಟ್ಟಿಸಿದ್ದು ಎರಡು, ಊದುವಾಗ ಅವು ಜಯಮ್ಮನ ಕೈಯಲ್ಲಿರ್ತವೆ.